ಒಂದು ಪ್ಲೇಟ್ ಒಗ್ಗರಣಿಯ ವಿಚಾರಣೆ

ನಮ್ಮ ಶಿರಸ್ತೇದಾರ್ ಸಾಹೇಬರ ಪಿಂಚಣಿ ನಿಲ್ಲಬಹುದಿತ್ತು. ಇಲಾಖಾ ವಿಚಾರಣೆ ವರ್ಷಗಟ್ಟಲೆ ಎಳೆಯಬಹುದಿತ್ತು. ನಾನು ಅಮಾನತಾಗಿ, ಸುದ್ದಿ ಪೇಪರಿನಲ್ಲಿ ಬಂದು, ಅದನ್ನು ಅಳವಂಡಿಯ ನಮ್ಮ ಮಾವ ಗಟ್ಟಿಯಾಗಿ ಓದಬಹುದಿತ್ತು. ಅಷ್ಟರೊಳಗೆ ನನ್ನ ಎದೆಯೇ ನಿಂತುಹೋಗಬಹುದಿತ್ತು. ಇಂಥ ಪಟ್ಟಿಯನ್ನು ದಿನಾ ಹಲ್ಲುಜ್ಜುವ ಮೊದಲೇ ಮುಗಿಸುವ ಮನುಷ್ಯ ನಾನು.

ಸಾಹೇಬರು ಹಾಗಲ್ಲ. ಸಹಿ ಮಾಡುವಾಗ ಅವರ ನಾಲಿಗೆಯ ತುದಿ ತುಟಿಯ ಎಡ ಅಂಚಿನಲ್ಲಿ ಇಣುಕುತ್ತಿತ್ತು. ಕುರ್ಚಿ ಹಿಂದೆ ಸರಿಸಿ, ಎದ್ದು ನಿಂತೇ ಸಹಿ ಮಾಡುವರು. "ಕುಂತು ಮಾಡಿದ ಸಹಿಗಿ ನಿಂತು ಜವಾಬ ಕೊಡಬೇಕಾಗ್ತೈತಿ ತಮ್ಮಾ. ಮೊದಲ ನಿಂತಬಿಟ್ರ ಮುಗೀತಲ್ಲ?" ಎನ್ನುವರು.

ಪ್ರತಿ ಚುನಾವಣೆಗೆ ಮುಂಚೆ ಅಭ್ಯರ್ಥಿಗಳ ಖರ್ಚಿನ ನಿಯಮಗಳ ಪರಿಶೀಲನೆ ನಡೆಯುತ್ತದೆ. ಶಾಮಿಯಾನದಿಂದ ಚಹಾದವರೆಗೆ ಪ್ರಚಾರದ ಒಂದೊಂದು ವಸ್ತುವಿಗೂ ದರ ಗೊತ್ತುಮಾಡಿ ನಾವು ಮೇಲಕ್ಕೆ ಕಳಿಸಬೇಕು. ಅಭ್ಯರ್ಥಿಯ ಖರ್ಚು ಲೆಕ್ಕವಾಗುವುದು ಆ ದರದಲ್ಲೇ. ಪಕ್ಷದವರನ್ನು ಕರೆದು ಮಾತಾಡುವುದು ಸಾಹೇಬರ ಕೆಲಸ. ಟೈಪ್ ಮಾಡುವುದು ನನ್ನದು. ಕಳೆದ ಸಲದ ಸಭೆಯಲ್ಲಿ ಕಾರಟಗಿ ಕಡೆಯ ಮುಖಂಡನೊಬ್ಬ ಮೇಜು ಗುದ್ದಿದ.

"ಮಿರ್ಚಿ ಭಜಿಗಿ ಇಷ್ಟ ರೇಟ ಹಾಕಿದ್ರ ನಾವು ಕಾರ್ಯಕರ್ತರಿಗೆ ಬರೇ ಗಾಳಿ ತಿನ್ನಿಸಬೇಕೇನ್ರಿ?"

"ಗಾಳಿಗಿ ಇನ್ನಾ ರೇಟ ಕಟ್ಟಿಲ್ರಿ. ಧಾರಾಳ ತಿನ್ನಿಸ್ರಿ," ಎಂದರು ಸಾಹೇಬರು. ಮುಖಂಡನೂ ನಕ್ಕ.

ಆ ದರಪಟ್ಟಿಯಲ್ಲಿ ಸಾಹೇಬರು ಬರೆಸಿದ್ದು "ಮಂಡಾಳ ಒಗ್ಗರಣಿ, ಒಂದು ಪ್ಲೇಟ್" ಎಂದು. ಬೆಂಗಳೂರಿನವರು ನಮ್ಮ ಭಾಷೆ ನೋಡಿ ನಕ್ಕಾರೆಂಬ ಭಯ ನನಗೆ. ಮಂಡಾಳು ತೆಗೆದು, "ಒಗ್ಗರಣೆ, ಒಂದು ಪ್ಲೇಟ್" ಎಂದು ತಿದ್ದಿದೆ. ನಮ್ಮ ಕಡೆ ಅದು ಮಂಡಾಳು, ಅಂದರೆ ಮಂಡಕ್ಕಿ, ಕಲಸಿದ ಹೊಟ್ಟೆ ತುಂಬುವ ತಿಂಡಿ. ಅವರಿಗೆ ಅದು ಸಾರಿನ ಮೇಲೆ ಸಿಡಿಯುವ ಸಾಸಿವೆ.

ವಾರದೊಳಗೆ ಬೆಂಗಳೂರಿನಿಂದ ನೋಟಿಸು ಬಂತು: ಒಗ್ಗರಣೆಯನ್ನು ಯಾರೂ ಪ್ಲೇಟಿನಲ್ಲಿ ಬಡಿಸುವುದಿಲ್ಲ, ಇಲ್ಲದ ಪದಾರ್ಥಕ್ಕೆ ದರ ಸೃಷ್ಟಿಸಿದ್ದೇಕೆ? ದರಪಟ್ಟಿಯ ಕೆಳಗೆ ಇದ್ದದ್ದು ಸಾಹೇಬರ ಸಹಿ. ಅವರ ನಿವೃತ್ತಿಗೆ ಹನ್ನೊಂದೇ ದಿನ ಬಾಕಿ. ವಿಚಾರಣೆ ಬಾಕಿಯಿದ್ದರೆ ಪಿಂಚಣಿ ತಡೆಯುತ್ತಾರೆಂಬುದು ಕಚೇರಿಯ ಗೋಡೆಗೂ ಗೊತ್ತು.

ನೋಟಿಸು ಓದಿ ಅವರು ಬೈಯಲಿಲ್ಲ. "ನಾಳೆ ಪರಿಶೀಲನಾ ತಂಡ ಬರ್ತೈತಿ. ನೀನೂ ಬಾ. ಮಾತಾಡಬ್ಯಾಡ. ಬಾಜೂಕ ಕುಂದ್ರು, ಸಾಕು," ಎಂದರು.

ಬೆಳಗಾಗುತ್ತಲೇ ಹೊಟ್ಟೆನೋವೆಂದು ರಜೆ ಅರ್ಜಿ ಕಳಿಸಿದೆ. ಇಡೀ ದಿನ ಮೊಬೈಲು ಆರಿಸಿಟ್ಟು, ಬಾಗಿಲ ಸದ್ದಿಗೆಲ್ಲ ಬೆಚ್ಚುತ್ತ ಕುಳಿತೆ.

ನಡೆದದ್ದನ್ನು ಮರುದಿನ ಹೇಳಿದವಳು ನಮ್ಮ ಅಟೆಂಡರ್ ಅಕ್ಕ. ಸಾಹೇಬರು ಹೋಟೆಲಿನಿಂದ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಪೊಟ್ಟಣವನ್ನು ತಂಡದ ಅಧಿಕಾರಿಣಿಯ ಮುಂದೆ ಬಿಚ್ಚಿದರಂತೆ. "ಮೇಡಮ್ಮೋರ, ನಮ್ಮ ಕಡೆ ಒಗ್ಗರಣಿ ಅಂದ್ರ ಇದರಿ. ಜೋಡಿ ಮಿರ್ಚಿ ಐತಿ, ಸಾವಕಾಶ ಕಡೀರಿ."

"ಮತ್ತೆ ಹೀಗೆ ಟೈಪ್ ಮಾಡಿದ್ದು ಯಾರು?"

"ಸಹಿ ನಂದರಿ. ತಪ್ಪೂ ನಂದ."

ಮೇಡಮ್ ಮಿರ್ಚಿ ಕಡಿದು, ಬಿಕ್ಕಳಿಸಿ, ನೀರು ಕುಡಿದು ನಕ್ಕರಂತೆ. ಮಂಡಾಳು ಸೇರಿಸಿ ಕಳಿಸಲು ಹೇಳಿ ನೋಟಿಸು ಕೈಬಿಟ್ಟರು.

ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಮಾತು: "ಹೊಟ್ಟಿ ಹೆಂಗೈತಿ ತಮ್ಮಾ?"

"ಆರಾಮೈತ್ರಿ," ಎಂದೆ. ಅಷ್ಟು ಸಲೀಸಾಗಿ ನಾನು ಬೇರಾವ ಸುಳ್ಳನ್ನೂ ಹೇಳಿಲ್ಲ.

ಪೂರಾ ಪಿಂಚಣಿಯೊಂದಿಗೆ ನಿವೃತ್ತರಾದರು. ಹೋದ ವರ್ಷ ತೀರಿಕೊಂಡರು. ಸುದ್ದಿ ಬಂದ ದಿನ ಅಟೆಂಡರ್ ಅಕ್ಕ ಕಣ್ಣೊರೆಸಿಕೊಳ್ಳುತ್ತ ಅಂದಳು: "ಆವತ್ತು ಮೀಟಿಂಗಿನ್ಯಾಗ ಬಾಜೂಕಿನ ಖುರ್ಚಿ ಮ್ಯಾಲ ತಮ್ಮ ಟವೆಲ್ ಹಾಕಿದ್ರು. ಯಾರ್ ಬಂದ್ರೂ, 'ಅಲ್ಲಿ ಬ್ಯಾಡ್ರಿ, ನಮ್ಮಾಂವ ಬರ್ತಾನ' ಅಂತಿದ್ರು."

ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಸಭೆ ಮುಗಿದ ಮೇಲೆ ಅವರು ಆ ಟವೆಲ್ ಮಡಚಿಕೊಂಡು ಹೊರಟರಂತೆ. ಆದದ್ದು ಅಷ್ಟೇ.