ಶಿಡ್ಲಘಟ್ಟಕ್ಕೆ ಒಯ್ದ ಚಿಟ್ಟೆ

ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿದಾಗ ಬೆಳಗಿನ ಹತ್ತು ಗಂಟೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಟಿಕೆಟ್ಟಿಗೆ ಮೂರು ರೂಪಾಯಿ. ಮಡಿಲಲ್ಲಿ ನಾನು ಕಸೂತಿ ಹಾಕಿದ ಎರಡು ದಿಂಬಿನ ಕವರು. ಜರೀನಾ ಎಂಬಾಕೆ ಮಗಳ ಮದುವೆಗೆ ಹೇಳಿ ಹಾಕಿಸಿದ್ದು.

ಒಂದರಲ್ಲಿ ಗುಲಾಬಿ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಆ ಹೂವನ್ನು ಹದಿನೈದು ವರ್ಷದಿಂದ ಹಾಕುತ್ತಿದ್ದೆ. ಜನಕ್ಕೆ ನನ್ನ ಹೆಸರಿಗಿಂತ ಅದೇ ಚೆನ್ನಾಗಿ ಗೊತ್ತು. ಇನ್ನೊಂದರಲ್ಲಿ ಮಾತ್ರ ಕೈ ಬೇರೆ ಕಡೆ ಹೋಗಿತ್ತು: ರೇಷ್ಮೆಗೂಡಿನಿಂದ ಹೊರಬರುತ್ತಿರುವ ಬಿಳಿ ಚಿಟ್ಟೆ. ಮನೆಯವರಿಗೆ ತೋರಿಸಿದ್ದೆ. "ಚೆನ್ನಾಗಿದೆ" ಎಂದು ಪೇಪರಿನ ಪುಟ ತಿರುಗಿಸಿದರು. ಯಾರಾದರೊಬ್ಬರು ಅದನ್ನು ನಿಂತು ನೋಡಲಿ ಎಂಬುದೊಂದೇ ನನ್ನ ಆಸೆ.

ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ಬಿಸಿಲು. ಪಕ್ಕದ ಹೆಂಗಸು ತೆಲುಗಿನಲ್ಲಿ ಏನೋ ಕೇಳಿದಳು. ಮದುವೆಯಾಗಿ ಈ ಸೀಮೆಗೆ ಬಂದು ಇಷ್ಟು ವರ್ಷವಾದರೂ ತೆಲುಗು ನನ್ನ ಬಾಯಿಗೆ ಹತ್ತಿಲ್ಲ. ಸುಮ್ಮನೆ ನಕ್ಕೆ. ಅವಳು ಆಚೆ ತಿರುಗಿದಳು. ಊರು ಬರುವ ಮೊದಲೇ ಬೆಂದ ಗೂಡಿನ ವಾಸನೆ ಬಂತು.

ಜರೀನಾ ಮನೆಯ ಹಿಂಭಾಗದಲ್ಲೇ ರೇಷ್ಮೆ ನೂಲು ತೆಗೆಯುತ್ತಾರೆ. ಚಹಾ, ಖಾರ ಬಿಸ್ಕತ್ತು ಕೊಟ್ಟು ಆಕೆ ಗುಲಾಬಿಯನ್ನು ಕೆನ್ನೆಗೆ ಒತ್ತಿಕೊಂಡರು. "ಇದು ನೋಡಿ ಅಕ್ಕಾ ನಿಮ್ ಕೈ! ದೂರದಿಂದ್ಲೇ ಹೇಳ್ಬೋದು."

ಎರಡನೆಯದನ್ನು ಬಿಡಿಸಿದವರು ಗೂಡಿನ ಮೇಲೆ ಬೆರಳಿಟ್ಟರು. "ಅಯ್ಯೋ, ಇದು ತೂತುಗೂಡಲ್ವಾ?"

"ಅಮ್ಮೀ, ಅಬ್ಬಾ ನೋಡಿದ್ರೆ ದಿಂಬನ್ನೇ ಆಚೆಗೆ ಎಸೀತಾರೆ!" ಮದುಮಗಳು ನಸೀಮಾ ಕಿಸಕ್ಕನೆ ನಕ್ಕಳು.

"ಚಿಟ್ಟೆ ಆಚೆ ಬಂತಂದ್ರೆ ಎಳೆ ತುಂಡಾಯ್ತು ಅಕ್ಕಾ, ನೂಲೇ ಬರಲ್ಲ," ಎಂದರು ಜರೀನಾ. "ಅದನ್ನ ಮದ್ವೆ ಹಾಸಿಗೇಲಿ ಹೆಂಗಿಡ್ಲಿ, ನೀವೇ ಹೇಳಿ?"

ಇಷ್ಟು ವರ್ಷ ರೇಷ್ಮೆ ಸೀರೆ ಉಟ್ಟ ನನಗೆ ಇದು ತಿಳಿದಿರಲಿಲ್ಲ. ಕಿವಿ ಬಿಸಿಯಾಯಿತು.

"ಬಿಚ್ಚಿ, ಅದೇ ಜಾಗಕ್ಕೆ ಗುಲಾಬಿ ಹಾಕ್ಬಿಡಿ," ಎಂದು ಕತ್ತರಿ ಕೊಟ್ಟರು. ನನ್ನ ಕೈಯ ಕತ್ತರಿ ರೆಕ್ಕೆಯವರೆಗೂ ಹೋಗಿ ನಿಂತಿತು.

"ಇದು ನನಗಿರಲಿ. ನಿಮಗೆ ಬೇರೆ ಹಾಕಿಕೊಡ್ತೀನಿ."

"ನಿಮಗ್ಯಾಕಕ್ಕಾ ಎರಡೆರಡು ಕೆಲ್ಸ!"

ಎರಡು ಗಂಟೆಯ ಬಸ್ಸು ಖಾಲಿಯಿತ್ತು. ಕವರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಗಷ್ಟೇ ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆಯಾಗಿ ಮುದುಡಿರಬೇಕು. ಬಲಗಡೆಯದು ಹಾಗೇ ಇತ್ತು. ಎಡಗಡೆಯದು ನುಣುಪಾಗಿ, ತುಂಬಿಕೊಂಡು, ಥೇಟ್ ನನ್ನ ಗುಲಾಬಿಯ ಎಸಳು. ನನ್ನ ಗಂಡನಾಗಲಿ ಜರೀನಾ ಆಗಲಿ ಅದನ್ನು ಕಂಡಿರಲಿಲ್ಲ.

ಚೀಲದಿಂದ ಸೂಜಿ ತೆಗೆದು ಆ ಎಡ ರೆಕ್ಕೆಯ ಒಂದೊಂದೇ ಎಳೆ ಬಿಚ್ಚತೊಡಗಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿಯುವಾಗ ಚಿಟ್ಟೆಗೆ ಒಂದೇ ರೆಕ್ಕೆ ಉಳಿದಿತ್ತು.