ಅಕ್ಕನ ಪಾಲಿನ ನೆರಳು

ಅಕ್ಕಿಹೆಬ್ಬಾಳಿನ ಕರಿಯಪ್ಪನ ಕಿರಿಮಗಳು ಚಿಕ್ಕಬೋರಮ್ಮನಿಗೆ ಹದಿನಾಲ್ಕರಲ್ಲಿ ಹತ್ತಿದ ಹೊಟ್ಟೆಕಿಚ್ಚು ಮುದುಕಿಯಾದರೂ ಆರಲಿಲ್ಲ. ಹತ್ತಿದ್ದು ಒಂದು ಕೊಡೆಯಿಂದ. ಊರಿಗೆ ರೈಲು ಬಂದ ಹೊಸದರಲ್ಲಿ ಕರಿಯಪ್ಪ ಮೈಸೂರಿನಿಂದ ಕೊಡೆ ತಂದು ದೊಡ್ಡ ಮಗಳು ಅಣ್ಣಮ್ಮನ ಕೈಗಿಟ್ಟ. ಅವಳು ಬೆಳ್ಳಗಿದ್ದಳು, ಮದುವೆಯ ವಯಸ್ಸಿಗೆ ಬಂದಿದ್ದಳು, ಬಿಸಿಲು ತಾಗಬಾರದಂತೆ! ಚಿಕ್ಕವಳಿಗೆ ಮಾತ್ರ ಊರಿನ ಮಿಕ್ಕ ಹುಡುಗಿಯರ ಹಾಗೆ ನೆತ್ತಿಗೆ ಹರಳೆಣ್ಣೆ, ಮುಖಕ್ಕೆ ಅರಿಶಿನ, ತಲೆಗೆ ಸುತ್ತಿದ ಸೆರಗು.

ಅಕ್ಕನ ಪಾಲಿನ ನಾಟಿಯೂ ಇವಳ ಸೊಂಟಕ್ಕೇ ಬಿತ್ತು. ಅಣ್ಣಮ್ಮ ಬದುವಿನ ಮೇಲೆ ಕೊಡೆ ಬಿಚ್ಚಿ ಕೂತರೆ ಗದ್ದೆಯೊಳಗಿದ್ದ ಇವಳಿಗೆ ಮೈಯೆಲ್ಲ ಉರಿ.

"ಅವ್ವಾ, ನಂಗೆ ಬಿಸ್ಲು ತಾಗಾಕಿಲ್ವಾ?"

"ನೀನು ಹುಟ್ತಾನೇ ಕಪ್ಪು, ಇನ್ನೇನ್ ಸುಡ್ತದೆ ಬುಡು," ಎಂದಳು ತಾಯಿ ದೊಡ್ಡತಾಯಮ್ಮ. ಹೆತ್ತವಳು ಆಡುವ ಮಾತೇ ಇದು?

ನಾಗಮಂಗಲದ ಕಡೆಯವರು ಅಣ್ಣಮ್ಮನನ್ನು ನೋಡಲು ಬಂದರು. ಗಂಡಿನ ತಾಯಿ ಅವಳ ಅಂಗೈ ಸವರಿ ನೋಡಿ ಕೈಬಿಟ್ಟಳು.

"ನಮ್ದು ರಾಗಿ ಹೊಲ ಕಣವ್ವ, ಒಂದ್ ಮರ ಇಲ್ಲ. ಇವ್ಳು ಬಿಸ್ಲಲ್ಲಿ ಕಳೆ ಕಿತ್ತಾಳಾ?" ಎಂದವಳು, ನೀರು ತಂದಿಟ್ಟ ಚಿಕ್ಕಬೋರಮ್ಮನನ್ನು ನೋಡಿ, "ಈ ಮಗೀನ ಕೊಡಿ," ಎಂದಳು.

ಚಿಕ್ಕಬೋರಮ್ಮನ ಎದೆ ಹಿಗ್ಗಿತು. ಜಗಲಿಯಲ್ಲಿ ಕೂತಿದ್ದ ಹುಡುಗ ಅವಳ ಮನಸ್ಸಿಗೂ ಹಿಡಿಸಿದ್ದ.

"ದೊಡ್ಡೋಳ್ ಇದ್ದಂಗೆ ಚಿಕ್ಕೋಳ್ನ ಕೊಡಾಕಾಯ್ತದಾ?" ಎಂದ ಕರಿಯಪ್ಪ. ಬಂದವರು ಎದ್ದು ಹೋದರು.

ಮಾರನೆಯ ದಿನವೇ ಕೊಡೆ ಅಟ್ಟ ಸೇರಿತು. ಅಣ್ಣಮ್ಮ ಬರಿತಲೆಯಲ್ಲಿ ಗದ್ದೆಗಿಳಿದಳು. "ಬಂದೋರೆಲ್ಲ ನಿನ್ನೇ ಕೇಳ್ತಾರೆ, ನೀನು ಒಳಗೇ ಇರು," ಎಂದು ತಾಯಿ ಚಿಕ್ಕವಳನ್ನು ಒಲೆಯ ಮುಂದೆ ಕೂರಿಸಿದಳು. ಬೇಡಿದ ನೆರಳು ಬೇಕಾದಷ್ಟು ಸಿಕ್ಕಿತು. ಆದರೆ ಸಂಜೆ ಅಕ್ಕ ಗೆಳತಿಯರೊಂದಿಗೆ ನಗುತ್ತ, ದಿನದಿನಕ್ಕೂ ಕೆಂಪಗೆ ಕಂದಿ ಬರುವುದನ್ನು ಕಂಡರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ದೊಡ್ಡತಾಯಮ್ಮ ನಾಗಮಂಗಲಕ್ಕೆ ಹೇಳಿಕಳಿಸಿದಳು. ಅದೇ ಹೆಂಗಸು ಬಂದು, ಅಣ್ಣಮ್ಮನ ಒರಟಾದ ಅಂಗೈ ಹಿಡಿದು, "ಈಗ ನಮ್ಮನೆಗಾಯ್ತಾಳೆ," ಎಂದು ಹೂ ಮುಡಿಸಿದಳು. ಈ ಸಲ, ಹೂ ಮುಡಿಸಿದ ಮೇಲೆ ನೀರು ತಂದ ಚಿಕ್ಕವಳನ್ನು ಅವಳು ತಿರುಗಿಯೂ ನೋಡಲಿಲ್ಲ.

ಅಡುಗೆಮನೆಗೆ ಬಂದ ತಾಯಿ ಖುಷಿಯಲ್ಲಿ ಚಿಕ್ಕಬೋರಮ್ಮನ ಗಲ್ಲ ಹಿಡಿದು, "ನೀನೂ ಬೆಳ್ಳಗಾದೆ ಕಣೇ," ಎಂದಳು.

ಚಿಕ್ಕಬೋರಮ್ಮ ಆ ಕೈಯನ್ನು ತಳ್ಳಿದಳು. "ನೆಳ್ಳು ಬೇಕಾದಾಗ ನೆಳ್ಳೂ ಅವ್ಳಿಗೇ, ಬಿಸ್ಲು ಬೇಕಾದಾಗ ಬಿಸ್ಲೂ ಅವ್ಳಿಗೇ. ನಂಗೇನ್ ಮಡಗಿದ್ದೀಯವ್ವಾ?"