ಗಡ್ಯಾಳ ಬರಲಿ

ನಮ್ಮ ಮನೆಯ ಗೋಡೆಗಳ ಮೇಲೆ ನಾಲ್ಕು ಗಡಿಯಾರಗಳಿವೆ. ಒಂದನ್ನೂ ನಾವು ಕೊಂಡಿಲ್ಲ. ಒಂದು ಗೊಬ್ಬರದ ಅಂಗಡಿಯವರು ಕೊಟ್ಟದ್ದು. ಅದರ ಮುಖದ ಮೇಲೆ ದ್ರಾಕ್ಷಿ ಗೊಂಚಲಿದೆ. ಎರಡನೆಯದು ಯಾರದೋ ಮದುವೆಯಲ್ಲಿ ಬಂದದ್ದು. ಮೂರನೆಯದು ಪತ್ತಿನ ಸಂಘದ ಬೆಳ್ಳಿಹಬ್ಬದ್ದು. ನಾಲ್ಕನೆಯದರಲ್ಲಿ ಚುನಾವಣೆಗೆ ನಿಂತವರೊಬ್ಬರು ಕೈಮುಗಿದು ನಗುತ್ತಾರೆ, ಮುಳ್ಳುಗಳು ಅವರ ಮೂಗಿನಿಂದ ಹೊರಡುತ್ತವೆ. ನಾಲ್ಕೂ ನಾಲ್ಕು ಹೊತ್ತು ತೋರಿಸುತ್ತವೆ. ಅವ್ವ ಯಾವುದನ್ನೂ ನಂಬುವುದಿಲ್ಲ.

"ಓಟಿಗೆ ಬಂದ ಗಡ್ಯಾಳ ಖರೇ ಹೇಳತೈತೇನೋ?" ಎನ್ನುತ್ತಾಳೆ. ನನ್ನ ಫೋನು ತೋರಿಸಿದರೆ, "ಅದರಾಗ ಟೈಮ್ ನೋಡಾಕ ಹ್ವಾದಾಂವ ತಿರುಗಿ ಬಂದು ಟೈಮ್ ಹೇಳಿದ್ದ ನಾ ಕಂಡಿಲ್ಲ" ಎನ್ನುತ್ತಾಳೆ.

ಹೊತ್ತಿನ ವಿಷಯದಲ್ಲಿ ಅವಳು ಇಷ್ಟು ಬಿಗಿಯಾಗಿರಲು ಕಾರಣವಿದೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಹಿಡಿದ ನೇಮ ಅದು. ನಾನು ರಾತ್ರಿ ಒಂಬತ್ತಕ್ಕೆ ದೀಪದ ಕೆಳಗೆ ಉಣ್ಣುತ್ತೇನೆ. ನಮ್ಮ ಮನೆಯ ಧರ್ಮವನ್ನೆಲ್ಲ ಅವ್ವನೊಬ್ಬಳೇ ಕಾಯುತ್ತಾಳೆ ಎಂದು ನಾವು ಉಳಿದವರು ಹೆಮ್ಮೆಪಡುತ್ತೇವೆ.

ಮುಳುಗುವ ಸೂರ್ಯನನ್ನು ನೋಡಿಯೇ ಉಣ್ಣಬಹುದಲ್ಲ ಎಂದರೆ, ನಮ್ಮ ಮನೆಗೆ ಸೂರ್ಯ ಮುಳುಗುವುದು ಕಾಣುವುದಿಲ್ಲ. ಮನೆ ಇರುವುದು ಕೃಷ್ಣೆಯ ಈಚೆ, ಸಕ್ಕರೆ ಕಾರ್ಖಾನೆಯ ಬೆನ್ನಿಗೆ. ಪಡುವಣಕ್ಕೆ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಗುಡ್ಡದಷ್ಟು ಎತ್ತರಕ್ಕೆ ಒಟ್ಟಿರುತ್ತಾರೆ. ಸೂರ್ಯ ಮೊದಲು ಅದರ ಹಿಂದೆ ಹೋಗುತ್ತಾನೆ, ಆಮೇಲೆ ಎಂದೋ ಮುಳುಗುತ್ತಾನೆ. ಆದ್ದರಿಂದ ಅವ್ವನಿಗೆ ಎರಡೇ ಆಧಾರ: ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಚ್ಚಾದ ಸೂರ್ಯಾಸ್ತದ ಸಮಯ, ಮತ್ತು ಅಪ್ಪನ ಕೈಗಡಿಯಾರ.

ಅಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮುಂಜಾನೆ ಎಂಟಕ್ಕೆ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್ನು, ಕೂಗುವಾಗ ಅಂಗಳದಲ್ಲಿ ನಿಂತು ಗಡಿಯಾರದ ಚಾವಿ ಎಳೆದು, ಮುಳ್ಳು ಕೂಡಿಸಿ, ಓಣಿಗೆಲ್ಲ ಕೇಳುವಂತೆ "ಬರೋಬ್ಬರಿ ಎಂಟ!" ಎನ್ನುತ್ತಿದ್ದ. ಸಂಜೆ ಸೈಕಲ್ ಇಳಿದು, ಕೈಕಾಲು ತೊಳೆದು, ಗಡಿಯಾರ ಬಿಚ್ಚಿ ಅವ್ವನ ತಾಟಿನ ಮುಂದೆ ಹಿತ್ತಾಳೆ ತಂಬಿಗೆಗೆ ಆನಿಸಿ ಇಡುತ್ತಿದ್ದ. ಅವನು ಬರದೆ ಅವ್ವ ಉಣ್ಣಲು ಕೂರುತ್ತಿರಲಿಲ್ಲ. ಕಬ್ಬಿನ ಹಂಗಾಮು ಬರುವುದು ಹೊತ್ತು ಬೇಗ ಮುಳುಗುವ ತಿಂಗಳುಗಳಲ್ಲಿ. ಅಪ್ಪನಿಗೆ ಕೆಲಸ ಹೆಚ್ಚಾಗಿ ತಡವಾಗುತ್ತಿದ್ದುದೂ ಆಗಲೇ. ಆದರೂ ಅವ್ವ ಒಂದು ಸಂಜೆಯೂ ಉಪವಾಸ ಮಲಗಿದ್ದು ನನಗೆ ನೆನಪಿಲ್ಲ. ಗಡಿಯಾರ ನೋಡಿ, "ಇನ್ನೂ ಐತಿ" ಎಂದು ಜೋಳದ ಭಕ್ರಿ ಮುರಿಯುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಗಡಿಯಾರ ಪೆಟ್ಟಿಗೆ ಸೇರಿತು. ಕಾಯುವುದು ತಪ್ಪಿತ್ತು, ಐದೂವರೆಗೇ ನನ್ನ ಹೆಂಡತಿ ಬಡಿಸುತ್ತಿದ್ದಳು, ಅವ್ವ ಉಣ್ಣುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದವನು ನಾನು.

ನಾನು ಅಥಣಿಯಲ್ಲಿ ಮೋಜಣಿ ಇಲಾಖೆಯಲ್ಲಿದ್ದೇನೆ. ಹೊಲದ ಗಡಿ ಅಳೆದು ಕಲ್ಲು ನೆಡಿಸುವುದು ನನ್ನ ಕೆಲಸ. ಕಚೇರಿಯಲ್ಲಿ ಎಲ್ಲರ ಮಣಿಕಟ್ಟಿನಲ್ಲೂ ಈಗ ಹೊಸ ಬಗೆಯ ಗಡಿಯಾರಗಳು. ಅವು ಎದೆಬಡಿತ ಎಣಿಸುತ್ತವೆ, ಮೆಟ್ಟಿಲು ಹತ್ತಿದರೆ ಶಭಾಷ್ ಎನ್ನುತ್ತವೆ. ಕಟ್ಟಿಕೊಂಡವರನ್ನು ಹತ್ತು ಗಂಟೆಗೆ ಕಚೇರಿಗೆ ತಂದದ್ದನ್ನು ಮಾತ್ರ ನಾನು ಕಂಡಿಲ್ಲ. ಅವರ ನಡುವೆ ಚಾವಿ ಕೊಡುವ ಹಳೆಯ ಗಡಿಯಾರ ಕಟ್ಟಿಕೊಂಡು ಓಡಾಡಬೇಕೆಂಬ ಆಸೆ ನನಗೆ ಹುಟ್ಟಿತು. ಅಪ್ಪನ ನೆನಪು ಎಂದು ಹೇಳಿಕೊಂಡೆ. ಮುಕ್ಕಾಲು ಪಾಲು ಅದು ಜಂಬವಾಗಿತ್ತು.

ಮೊದಲು ಮಿರಜದಲ್ಲಿ ಗಾಜಿನ ಬಾಗಿಲಿನ ದೊಡ್ಡ ವಾಚ್ ಅಂಗಡಿಗೆ ಹೋದೆ. ಅಲ್ಲಿಯವನು ಗಡಿಯಾರವನ್ನು ಎರಡು ಬೆರಳಲ್ಲಿ ಎತ್ತಿ, ಒಳಗಿನ ಯಂತ್ರ ತೆಗೆದೆಸೆದು ಸೆಲ್ಲಿನದು ಕೂಡಿಸೋಣ, ಹೊರಗಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದ. ಕಿಸೆಗೆ ಹಾಕಿಕೊಂಡು ಬಂದೆ. ಆಮೇಲೆ ಚಿಕ್ಕೋಡಿಗೆ ಕೆಲಸದ ಮೇಲೆ ಹೋದಾಗ, ಒಂದು ಕಟ್ಟಡದ ಜಿನ್ನೆಯ ಮೆಟ್ಟಿಲುಗಳ ಕೆಳಗೆ ಕೂರುವ ವಾಚ್ ರಿಪೇರಿಯ ಮುದುಕರ ಬಗ್ಗೆ ತಿಳಿಯಿತು. ಅವರ ಅಂಗಡಿಯಲ್ಲಿ ಒಬ್ಬರಿಗಷ್ಟೇ ಜಾಗ, ಆ ಒಬ್ಬರು ಅವರೇ. ಗಿರಾಕಿ ಹೊರಗೆ ನಿಂತು ತಲೆ ತಗ್ಗಿಸಬೇಕು. ಎಷ್ಟು ದೊಡ್ಡ ಅಧಿಕಾರಿಯೂ ಅಲ್ಲಿ ನಮಸ್ಕಾರ ಮಾಡುವವನಂತೆಯೇ ಕಾಣುತ್ತಾನೆ.

ಅವರು ನನ್ನ ಊರು, ಕೆಲಸ ಕೇಳಿಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂಬದಿಯ ಮುಚ್ಚಳ ತೆಗೆದರು. ಒಳಗೆ ಎಣ್ಣೆ ಒಣಗಿ ಕಾಕಂಬಿಯಂತಾಗಿತ್ತು. ಸ್ಪ್ರಿಂಗು ಬದಲಿಸಬೇಕು, ಎಲ್ಲ ಬಿಚ್ಚಿ ತೊಳೆಯಬೇಕು, ಹದಿನೈದು ದಿನ ಬೇಕು ಎಂದರು. ಡಯಲಿಗೆ ಹೊಸ ಬಣ್ಣ ಹಾಕಿಸಲೇ ಎಂದು ಕೇಳಿದೆ. "ಅಜ್ಜಗ ಪೌಡರ್ ಹಚ್ಚತೀರೇನ್ರಿ? ಬಿಡ್ರಿ ಹಂಗ" ಎಂದರು. ಆಮೇಲೆ ತಡೆದು, ಓಲಾಡುವ ಚಕ್ರದ ಮೇಲಿದ್ದ ಕೂದಲೆಳೆಯಷ್ಟು ತೆಳುವಾದ ಕಡ್ಡಿಯೊಂದನ್ನು ಚಿಮಟದ ತುದಿಯಿಂದ ತೋರಿಸಿದರು. ಅದನ್ನು ಒಂದು ಕಡೆ ಸರಿಸಿದರೆ ಗಡಿಯಾರ ಜೋರಾಗಿ ಓಡುತ್ತದೆ, ಇನ್ನೊಂದು ಕಡೆ ಸರಿಸಿದರೆ ನಿಧಾನ. ಅದು ನಿಧಾನದ ತುತ್ತತುದಿಗೆ ಹೋಗಿ ನಿಂತಿತ್ತು.

"ಇದನ್ನ ಯಾರೋ ಬೇಕಂತ ದೂಡ್ಯಾರ್ರಿ ಸಾಹೇಬ್ರ. ಸೂಜಿ ಗೀರಿದ ಗುರ್ತ ಐತಿ ನೋಡ್ರಿ."

"ಇಷ್ಟು ವರ್ಷದಾಗ ತಾನ ಸರದಿರಬೇಕ್ರಿ ಅಜ್ಜಾರ."

"ತಾನ ಸರಿಯಾಕ ಅದೇನ ನಿಮ್ಮ ಮೋಜಣಿ ಕಲ್ಲೇನ್ರಿ?"

ನಾನು ನಕ್ಕೆ. ಸರಿ ಮಾಡಿ ಎಂದೆ. ಯಾರು ಸರಿಸಿದರು, ಯಾಕೆ ಸರಿಸಿದರು ಎಂದು ಆ ಹೊತ್ತಿನಲ್ಲಿ ಒಂದು ಕ್ಷಣವೂ ಯೋಚಿಸಲಿಲ್ಲ. ಇದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಹದಿನೈದು ದಿನಕ್ಕೆಂದದ್ದು ನಲವತ್ತು ದಿನಕ್ಕೆ ಬಂತು. ದಿನಕ್ಕೆ ಅರ್ಧ ನಿಮಿಷದೊಳಗಿನ ವ್ಯತ್ಯಾಸ. ಒಂದು ವಾರ ಫೋನಿನ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಅಂಗಿಯ ತೋಳನ್ನು ಎಂದಿಗಿಂತ ಒಂದು ಮಡಿಕೆ ಹೆಚ್ಚು ಮಡಚತೊಡಗಿದೆ. ಮುದುಕರು ಪ್ರೀತಿಯಿಂದ ಚರ್ಮದ ಹೊಸ ಪಟ್ಟಾ ಹಾಕಿಕೊಟ್ಟಿದ್ದರು. ಅದನ್ನು ನೋಡಿ ಹೆಂಡತಿ, "ಅತ್ತಿ ಕಂಡ್ರ ಗಡ್ಯಾಳಷ್ಟ ಅಲ್ಲ, ನಿಮ್ಮನ್ನೂ ಹೊರಗ ಇಡತಾರ" ಎಂದಳು. ಮೈಮೇಲೆ ಚರ್ಮವಿಟ್ಟುಕೊಂಡು ಬಸದಿಯ ಹೊಸ್ತಿಲು ದಾಟುವಂತಿಲ್ಲ. ಮುಂಗೈಯ ಕೂದಲು ಕೀಳುವ ಅಪ್ಪನ ಹಳೆಯ ಉಕ್ಕಿನ ಚೈನನ್ನೇ ಮತ್ತೆ ಹಾಕಿಸಿದೆ.

ಅವ್ವ ಗಡಿಯಾರವನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು. ಮರುದಿನ ಐದೂವರೆಗೆ ಹೆಂಡತಿ ತಾಟು ಹಾಕಲು ಹೋದರೆ, "ಗಡ್ಯಾಳ ಬರ್ಲಿ" ಎಂದಳಂತೆ.

ಗಡಿಯಾರದ ಜೊತೆಗೆ ಕಾಯುವುದೂ ದುರಸ್ತಿಯಾಗಿತ್ತು. ನಾನು ಬರುವುದು ಆರರ ಆಚೀಚೆ. ನನ್ನನ್ನು ಕಾಯಬೇಡ ಎಂದೆ.

"ನಿನ್ನ ಯಾರ ಕಾಯಾಕತ್ತಾರ? ನಾ ಗಡ್ಯಾಳಕ ಕಾಯಾಕತ್ತೇನಿ."

"ಹಂಗಾರ ಗಡ್ಯಾಳ ಮನ್ಯಾಗ ಬಿಟ್ಟ ಹೋಗತೇನಿ ಬಿಡು."

"ಮನ್ಯಾಗ ಕುಂತದ್ದು ಗಡ್ಯಾಳೇನೋ? ಅದು ದುಡದ ಬರಬೇಕು."

ದೀಪಾವಳಿಯ ತನಕ ಹೇಗೋ ನಡೆಯಿತು. ಆಮೇಲೆ ದಿನಗಳು ಮೊಟಕಾದವು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬಸ್ಸಿನ ಮುಂದೆ ತೇರಿನಂತೆ ಸಾಗತೊಡಗಿದವು. ಒಂದು ಸೋಮವಾರ ಮನೆ ಮುಟ್ಟಿ ಗಡಿಯಾರ ಬಿಚ್ಚಿ ತಂಬಿಗೆಗೆ ಆನಿಸಿದೆ. ಅವ್ವ ಕ್ಯಾಲೆಂಡರು ನೋಡಿದಳು, ಗಡಿಯಾರ ನೋಡಿದಳು.

"ಮುಳುಗೇತೇನೋ?"

"ಹೌದವ್ವ. ಎರಡು ನಿಮಿಷ, ಹತ್ತು ಸೆಕೆಂಡ್ ಆತು" ಎಂದೆ. ಸೆಕೆಂಡನ್ನೂ ಸೇರಿಸಿ ಹೇಳಿದೆ. ಗಡಿಯಾರ ಅಷ್ಟು ಚೆನ್ನಾಗಿ ನಡೆಯುತ್ತಿತ್ತು.

ಅವ್ವ ಕೈಮುಗಿದು ತಾಟು ಸರಿಸಿದಳು. ಮಂಗಳವಾರ ನಾಲ್ಕು ನಿಮಿಷ. ಬುಧವಾರ ಒಂದೇ ನಿಮಿಷ. ಒಂದು ನಿಮಿಷಕ್ಕೇನು ಎಂದು ಹೆಂಡತಿ ಬೇಡಿಕೊಂಡಳು. "ಗಡ್ಯಾಳ ಹೇಳಾಕತ್ತೈತಲ್ಲವಾ" ಎಂದು ಅವ್ವ ಎದ್ದಳು. ಊಟಕ್ಕೆ ಮೊದಲು ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅವಳು ಮೂರೂ ದಿನ ಐದೂವರೆಗೇ ನುಂಗಿದ್ದಳು. ಅದು ನನಗೆ ಗೊತ್ತಾದದ್ದು ಗುರುವಾರ.

ಗುರುವಾರ ಮುಂಜಾನೆ ಬಸದಿಯ ಮೆಟ್ಟಿಲ ಮೇಲೆ ಅವ್ವ ಬಿದ್ದಳು. ನಾನು ಓಡಿಹೋದಾಗ ಯಾರೋ ತಲೆಗೆ ತೊಡೆ ಕೊಟ್ಟಿದ್ದರು. ಅವಳ ಹಣೆ ತಣ್ಣಗೆ ಒದ್ದೆಯಾಗಿತ್ತು, ಕಣ್ಣು ತೆರೆದಿತ್ತು, ನನ್ನ ಗುರುತು ಹತ್ತಲಿಲ್ಲ. ಬಾಯಿಗೆ ಸಕ್ಕರೆ ನೀರು ಬಿಟ್ಟರು. ಸಕ್ಕರೆಯ ಊರಿನಲ್ಲಿ ಒಂದು ಚಮಚ ಸಕ್ಕರೆ ತರಲು ಎಷ್ಟು ಹೊತ್ತಾಯಿತೋ ನಾನು ಹೇಳಲಾರೆ. ಕೈಯಲ್ಲಿ ಗಡಿಯಾರವಿತ್ತು, ನೋಡಲಿಲ್ಲ. "ಗುಳಗಿ ನುಂಗಿಸಿ ಉಪಾಸ ಮಲಗಿಸ್ತೀರೇನ್ರಿ ಮುದುಕೀನ? ಮನ್ಯಾಗ ಯಾರೂ ಇಲ್ಲೇನು?" ಎಂದು ದವಾಖಾನೆಯಲ್ಲಿ ಡಾಕ್ಟರು ಕೇಳಿದರು. ಇದ್ದೆವು ಎಂದು ಹೇಳಲು ನಾಚಿಕೆಯಾಯಿತು. ಗುಳಿಗೆ ತಾಟಿನ ಮುಂದೆ ಕೂತ ಮೇಲೇ ನುಂಗಬೇಕೆಂದು ಹೇಳಿ ಕಳಿಸಿದರು.

ಅವ್ವ ಚೇತರಿಸಿಕೊಂಡ ಮೇಲೆ ರಜೆ ಹಾಕಿ ಚಿಕ್ಕೋಡಿಗೆ ಹೋದೆ. ಜಿನ್ನೆಯ ಕೆಳಗೆ ತಲೆ ತಗ್ಗಿಸಿ, ಆ ಕಡ್ಡಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿ ಎಂದೆ.

ಮುದುಕರು ಭೂತಗನ್ನಡಿ ತೆಗೆದು ಬರಿಗಣ್ಣಿನಿಂದ ನನ್ನನ್ನು ನೋಡಿದರು. "ನಲವತ್ತ ವರ್ಸ ಆತ್ರಿ ಇಲ್ಲಿ ಕುಂತು. ವಾಚ್ ಹಿಂದ ಬೀಳಾಕತ್ತೈತಿ ಅಂತ ಮಂದಿ ಬರತಾರ. ಹಿಂದ ಬೀಳೂವಂಗ ಮಾಡಿಕೊಡ್ರಿ ಅಂತ ಬಂದವರು ನೀವ ಮೊದಲ. ಸರಕಾರದ್ದೇನರ ಹೊಸಾ ಹುಕುಂ ಬಂತೇನ್ರಿ?"

ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ.

"ಆ ಕಡ್ಡಿ ತುದೀಗೆ ಇದ್ರ, ಮುಂಜಾನೆ ಎಂಟಕ್ಕ ಕೂಡಿಸಿದ ಗಡ್ಯಾಳ ಸಂಜೀಕ ಎಷ್ಟ ಹಿಂದ ಇರತೈತ್ರಿ?" ಎಂದು ಕೇಳಿದೆ.

"ಈ ಹಳೇ ಮಷೀನಿಗೆ ಐದಾರ ನಿಮಿಷ."

ಐದಾರು ನಿಮಿಷದಲ್ಲಿ ಅವ್ವ ಒಂದೂವರೆ ಭಕ್ರಿ ಉಣ್ಣುತ್ತಾಳೆ. ಅಪ್ಪ ಮುಳ್ಳನ್ನೇ ಹಿಂದಕ್ಕೆ ತಿರುಗಿಸಿ ತರಬಹುದಿತ್ತು. ತರಲಿಲ್ಲ, ಅದು ಸುಳ್ಳಾಗುತ್ತಿತ್ತು, ಅವನು ಸುಳ್ಳು ಹೇಳುವವನಲ್ಲ. ಎಂಟಕ್ಕೆ ಗಡಿಯಾರ ಸರಿಯಿತ್ತು, ಅದಕ್ಕೆ ಓಣಿಯೇ ಸಾಕ್ಷಿ. ಸಂಜೆ ಅದು ಹೇಳಿದ್ದು ಅದರ ಕರ್ಮ. ಹೀಗೆ ಒಂದು ಸೂಜಿಯ ತುದಿಯಿಂದ ಅವನು ಅವ್ವನ ಹೊಟ್ಟೆಯನ್ನೂ ತನ್ನ ಮಾತನ್ನೂ ಉಳಿಸಿಕೊಂಡಿದ್ದ. ಅವ್ವನ ನೇಮ ಮಾತ್ರ ಎಷ್ಟು ಸಂಜೆ ಮುರಿದಿತ್ತೋ, ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಾಯಿತು.

"ಸರಸೂದ ನನಗೇನ ಕಷ್ಟಲ್ಲರಿ" ಎಂದರು ಮುದುಕರು. "ಆದ್ರ ಅವರು ಕಾರ್ಖಾನಿ ಮನುಷ್ಯಾ, ಪಾಳಿ ಬಿಟ್ಟ ಬರಾಕ ಆಗತಿದ್ದಿಲ್ಲ. ಗಡ್ಯಾಳಂತೂ ಈಗ ಬರೋಬರ್ ಐತಿ. ತಡಾ ಯಾರ್ದೈತಿ ನೋಡಿಕೊಳ್ರಿ." ಮುಚ್ಚಳ ತೆರೆಯದೆಯೇ ಗಡಿಯಾರವನ್ನು ನನ್ನ ಅಂಗೈಯಲ್ಲಿಟ್ಟರು.

ಅಥಣಿಯಿಂದ ನಾಲ್ಕೂ ನಲವತ್ತಕ್ಕೆ, ಹಳ್ಳಿಹಳ್ಳಿಗೂ ನಿಂತು ಒಂದು ತಾಸು ಹಿಡಿಯುವ ಬಸ್ಸೊಂದಿದೆ. ಇಷ್ಟು ವರ್ಷ ಅದು ನನ್ನ ಕಿಟಕಿಯ ಕೆಳಗೇ ಹೋಗುತ್ತಿತ್ತು. ಚಳಿಗಾಲ ಮುಗಿಯುವ ತನಕ ದಿನಾಲು ಒಂದು ತಾಸು ಮೊದಲು ಬರುತ್ತೇನೆ, ನಾಲ್ಕೂವರೆಗೆ ಬಿಡಿ ಎಂದು ಅರ್ಜಿ ಬರೆದೆ. ಸಾಹೇಬರು ಅದನ್ನು ಎರಡು ಸಲ ಓದಿದರು.

"ತಡಾ ಬರತೇನಿ ಅನ್ನೂ ಅರ್ಜಿಗೆ ಫೈಲ್ ಐತ್ರಿ. ಲಗೂ ಬರತೇನಿ ಅನ್ನೂದನ್ನ ಯಾವ ಫೈಲಿಗೆ ಹಚ್ಚಲಿ?"

ಕೊನೆಗೆ ಬಾಯಿಮಾತಿನಲ್ಲೇ ಒಪ್ಪಿದರು. ಈಗ ಒಂಬತ್ತಕ್ಕೆ ಕಚೇರಿಯ ಬೀಗ ತೆಗೆಯುವವನು ನಾನೇ. ಮೊದಲ ವಾರ ಸಿಪಾಯಿ ಬಾಗಿಲಲ್ಲಿ ನಿಂತು, "ನಿಮ್ಮ ಮ್ಯಾಲ ಏನರ ಚೌಕಶಿ ಬಂದೈತೇನ್ರಿ?" ಎಂದು ಮೆಲ್ಲಗೆ ಕೇಳಿದ. ಸರಕಾರಿ ಮನುಷ್ಯ ಮುಂಚೆ ಬರಲು ವಿಚಾರಣೆಯ ಹೊರತು ಅವನಿಗೆ ಬೇರೆ ಕಾರಣ ಹೊಳೆಯಲಿಲ್ಲ.

ಮೊನ್ನೆ ಸಂಜೆ ಐದೂ ನಲವತ್ತಕ್ಕೆ ಮನೆ ಮುಟ್ಟಿದೆ. ಗಡಿಯಾರ ಬಿಚ್ಚಿ ತಂಬಿಗೆಗೆ ಆನಿಸಿ ಎದುರಿಗೆ ಕೂತೆ. ಅವ್ವ ಗುಳಿಗೆ ನುಂಗಿ, ಭಕ್ರಿ ಮುರಿದು, ಪುಂಡಿ ಪಲ್ಯ ಹಚ್ಚಿಕೊಂಡು ನಿಧಾನವಾಗಿ ಉಂಡಳು. ನಡುವೆ ಒಮ್ಮೆ ಸಿಪ್ಪೆಯ ಗುಡ್ಡದ ಕಡೆ ಮುಖ ಮಾಡಿ, "ನಿಮ್ಮಪ್ಪ ಇದ್ದಾಗ ಹಿಂಗ ಅವಸರ ಇರತಿದ್ದಿಲ್ಲ ನೋಡು. ಅವರ ಕಾಲಕ್ಕ ಸೂರ್ಯಾನೂ ಸಾವಕಾಶ ಮುಳಗತಿದ್ದ" ಎಂದಳು.

ನಾನು ಜಾರುತ್ತಿದ್ದ ಗಡಿಯಾರವನ್ನು ಮತ್ತೆ ತಂಬಿಗೆಗೆ ಆನಿಸಿದೆ.

"ಇನ್ನ ಎಷ್ಟೈತೋ?" ಎಂದು ಕೇಳಿದಳು.

"ಹನ್ನೊಂದು ನಿಮಿಷ ಐತವ್ವ."

"ಹಂಗಾರ ಇನ್ನೊಂದ ಅರ್ಧಾ ಹಾಕಂತ ಹೇಳು."